ಸ್ಟಂಟ್ ಏನು ಅಂತ ಕೇಳುವ ಮೊದಲು ಬಟ್ಟೆ ಏನು ಅಂತ ಕೇಳಿ

ಫೈಟ್ ಮಾಸ್ಟರ್ ಕಡೆಯಿಂದ ಫೋನ್ ಬಂದಾಗ ಹೊಸ ಹುಡುಗಿಯರು ಕೇಳುವುದು ಎರಡೇ: ಎಷ್ಟು ಎತ್ತರದಿಂದ ಬೀಳಬೇಕು, ಎಷ್ಟು ದುಡ್ಡು. ನಾನು ಮೊದಲು ಕೇಳುವುದು, "ಕಾಸ್ಟ್ಯೂಮ್ ಏನು ಮಾಸ್ಟರ್?" ಬೆಂಗಳೂರಿನ ಸೆಟ್‌ಗಳಲ್ಲಿ ಹೀರೋಯಿನ್‌ಗಳಿಗೆ ಡೂಪ್ ಆಗಿ ಕಲಿತದ್ದರಲ್ಲಿ ನನ್ನ ಮೈ ಕಾಪಾಡಿದ್ದು ಈ ಪ್ರಶ್ನೆಯೇ.

ಜೊತೆಯ ಫೈಟರ್‌ಗಳು ಜೀನ್ಸ್, ಜಾಕೆಟ್ ಹಾಕಿರುತ್ತಾರೆ. ಒಳಗೆ ಮಂಡಿಗೆ, ಮೊಣಕೈಗೆ, ಬೆನ್ನಿಗೆ ಪ್ಯಾಡ್ ಕಟ್ಟಿಕೊಂಡರೂ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ಅದೇ ಮೆಟ್ಟಿಲಿನಿಂದ ಉರುಳುವ ನನಗೆ ತೋಳಿಲ್ಲದ ಬ್ಲೌಸು, ತೆಳು ಸೀರೆ. ಪ್ಯಾಡ್ ಬಚ್ಚಿಡಲು ಜಾಗವೇ ಇಲ್ಲ. ಅವರು ಮೈ ಕೊಡವಿಕೊಂಡು ಏಳುವ ಕಡೆ ನನಗೆ ಮೊಣಕೈ ಚರ್ಮ ಕಿತ್ತು ಬರುತ್ತದೆ.

ಹಾಗಾಗಿ ಸೀರೆಯಲ್ಲಿ ಬೀಳುವುದಿದ್ದರೆ ಹಿಂದಿನ ದಿನವೇ ಕಾಸ್ಟ್ಯೂಮರ್ ಹತ್ತಿರ ಹೋಗಿ ಕೂರುತ್ತೇನೆ. ನೆರಿಗೆಗೆ ಪಿನ್ ಬೇಡ, ಲಂಗಕ್ಕೆ ಸೇರಿಸಿ ಹೊಲಿಯಬೇಕು. ಉರುಳುವಾಗ ಪಿನ್ ಬಿಚ್ಚಿಕೊಂಡರೆ ಎಲ್ಲಿ ಚುಚ್ಚುತ್ತದೋ ಹೇಳಲಾಗದು. ಲಂಗದ ಕೆಳಗೆ ಲೆಗಿಂಗ್ಸ್, ಅದರೊಳಗೆ ಮಂಡಿ ಪ್ಯಾಡ್. ಗಾಜಿನ ಬಳೆ ಇದ್ದರೆ ಅದೇ ಬಣ್ಣದ ಪ್ಲಾಸ್ಟಿಕ್ ಬಳೆ. ಹೀಲ್ಸ್ ಬದಲಿಗೆ ಅದೇ ಬಣ್ಣದ ಫ್ಲಾಟ್ ಚಪ್ಪಲಿ. ಹಗ್ಗದಲ್ಲಿ ನೇತುಹಾಕಿ ತೆಗೆಯುವ ರೋಪ್ ಶಾಟ್ ಆದರೆ ಕೆಲಸ ಇನ್ನೂ ಹೆಚ್ಚು: ಹಗ್ಗ ಸಿಕ್ಕಿಸಲು ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್ ಮೇಲೆ ಬಟ್ಟೆ ಕೂರಬೇಕು, ರೋಪ್ ಹೊರಬರಲು ಸೊಂಟದ ಎರಡೂ ಪಕ್ಕ ಸೀಳು ಬೇಕು. ಹೀರೋಯಿನ್ ಅಳತೆಗೆ ಹೊಲಿದ ಬಟ್ಟೆಯನ್ನು ಶಾಟ್ ಹೊತ್ತಿಗೆ ಕೈಗಿಟ್ಟರೆ, ಹಾರ್ನೆಸ್ ಪಟ್ಟಿ ಸ್ವಲ್ಪ ಸಡಿಲ ಮಾಡಿಕೋ ಅನ್ನುವ ಮಾತು ಬಂದೇ ಬರುತ್ತದೆ. ಅದಕ್ಕೆ ಮಾತ್ರ ಒಪ್ಪಬೇಡಿ.

ಒಂದು ರಾತ್ರಿ ಶೂಟಿಂಗಿನಲ್ಲಿ ಹೀಗೇ ಆಯಿತು. ಪಟ್ಟಿ ಸಡಿಲಿಸಲ್ಲ ಅಂದೆ. "ಅಮ್ಮಾ, ಬೇರೆ ಬ್ಲೌಸ್ ಹೊಲಿಸೋಕೆ ಈಗ ಟೈಮೆಲ್ಲಿದೆ? ಹುಡುಗನಿಗೇ ವಿಗ್ ಹಾಕಿ ಮುಗಿಸ್ತೀವಿ ಬಿಡಿ" ಅಂದರು ಮ್ಯಾನೇಜರ್. ಕಾಸ್ಟ್ಯೂಮರ್ ಅಣ್ಣ ಮಧ್ಯೆ ಬಂದು, "ಸ್ವಲ್ಪ ಹೊತ್ತು ಕೊಡಿ ಸಾರ್, ಪಕ್ಕ ಬಿಚ್ಚಿ ತುಂಡು ಬಟ್ಟೆ ಸೇರಿಸಿ ಹೊಲಿದು ಕೊಡ್ತೀನಿ" ಅಂದರು. ಕೊಟ್ಟರು, ಶಾಟ್ ಓಕೆ ಆಯಿತು. ಆದರೆ ಆ ವಿಗ್ಗಿನ ಮಾತು ಬರೀ ಹೆದರಿಕೆ ಅಲ್ಲ. ಗಂಡಸರಿಗೆ ಸೀರೆ ಉಡಿಸಿ ನಮ್ಮ ಕೆಲಸ ಮಾಡಿಸುವುದು ಹಳೆಯ ರೂಢಿ, ನಮ್ಮ ಸಂಪಾದನೆಗೆ ದೊಡ್ಡ ಕಲ್ಲು ಅದೇ.

ಹೆಂಗಸರಿಂದ ಆಗಲ್ಲ ಅನ್ನುವವರಿಗೆ ನಾನು ರಾಮನಗರದ ಬಂಡೆಗಳನ್ನು ತೋರಿಸುತ್ತೇನೆ. ಅಲ್ಲಿ ಶೂಟಿಂಗ್ ಆಗಿ 1975ರಲ್ಲಿ ಬಿಡುಗಡೆಯಾದ ಹಿಂದಿ ಸಿನಿಮಾ ಶೋಲೆಯಲ್ಲಿ ಹೇಮಾಮಾಲಿನಿಗೆ ಡೂಪ್ ಆಗಿ ಟಾಂಗಾ ಓಡಿಸಿದ್ದು ರೇಷ್ಮಾ ಪಠಾಣ್. ಗಾಡಿ ಮಗುಚಿ ಪೆಟ್ಟು ತಿಂದರೂ ಕೆಲಸ ಮುಗಿಸಿಕೊಟ್ಟರು. ನಮ್ಮೂರಿನ ಪಕ್ಕದಲ್ಲೇ ಆದ ಈ ಕೆಲಸ ನಮ್ಮ ಎಷ್ಟೋ ಹುಡುಗಿಯರಿಗೆ ಗೊತ್ತಿಲ್ಲ ಅನ್ನುವುದು ನನಗೆ ನೋವು.

ಪ್ರಶ್ನೆ ಕೇಳಿದರೆ ಮುಂದಿನ ಸಲ ಕರೆಯಲ್ಲ ಅನ್ನುವ ಭಯ ನಿಜ. ಆದರೆ 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ಕಲಾವಿದರು ಲೈಫ್ ಜಾಕೆಟ್ ಇಲ್ಲದೆ ಮುಳುಗಿಹೋದರು. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಶೂಟಿಂಗ್ ವೇಳೆ ಹೈಟೆನ್ಷನ್ ತಂತಿಯ ಕರೆಂಟ್ ಹೊಡೆದು ಇನ್ನೊಬ್ಬ ಫೈಟರ್ ಹೋದರು. ಜಾಕೆಟ್ ಎಲ್ಲಿ, ತಂತಿ ಎಷ್ಟು ದೂರ, ಆಂಬುಲೆನ್ಸ್ ಬಂದಿದೆಯಾ, ಇನ್ಶೂರೆನ್ಸ್ ಯಾರು ಕಟ್ಟಿದ್ದಾರೆ, ಇವನ್ನೂ ಬಟ್ಟೆಯ ಜೊತೆಗೇ ಕೇಳಿ.

ಪ್ರೊಡಕ್ಷನ್‌ನಲ್ಲಿ ಇರುವವರು ಓದುತ್ತಿದ್ದರೆ ಒಂದು ವಿನಂತಿ. ಹೀರೋಯಿನ್‌ಗೆ ಫೈಟ್ ಸೀನಿನ ಬಟ್ಟೆ ಹೊಲಿಸುವ ದಿನವೇ ಡೂಪ್ ಮಾಡುವ ಹುಡುಗಿಯನ್ನೂ ಟೈಲರ್ ಹತ್ತಿರ ಕಳಿಸಿ. ಹಾರ್ನೆಸ್ ಹಾಕಿಸಿಯೇ ಅಳತೆ ತೆಗೆಸಿ, ಅದೇ ಬಟ್ಟೆಯಲ್ಲಿ ಎರಡು ಜೊತೆ ಹೊಲಿಸಿ. ಮೊದಲ ಟೇಕಿನಲ್ಲಿ ಒಂದು ಹರಿಯುತ್ತದೆ.