ನೆರಳು ನೋಡಿ, ಬೆರಳು ಹಿಡಿದು: ಉತ್ತರಿ ಮಳೆಯ ದಿನದ ಮೋಡಗಳು

ವಿಜಯಪುರ, ಸೆಪ್ಟೆಂಬರ್ 18, ಬುಧವಾರ

ಬೆಳಿಗ್ಗೆ 8.30. ಆಕಾಶದ ಎಂಟು ಪಾಲಿನಲ್ಲಿ ಆರು ಪಾಲು ಮೋಡ. ಪಡುವಣದಿಂದ ಬೂದು ಬಣ್ಣದ ಮುದ್ದೆ ಮುದ್ದೆ ಮೋಡ ಸಾಲುಗಟ್ಟಿ ಬರುತ್ತಿದೆ, ನಡುನಡುವೆ ನೀಲಿ ಬಿರುಕು. ಓಣಿಯಲ್ಲಿ "ಮ್ವಾಡ ಕವದೈತಿ, ಇವತ್ತ ಹೊಡೀತೈತಿ ನೋಡ್ರಿ" ಎಂಬ ಮಾತು. ಹೊಡೆದರೂ ಈ ಮೋಡದಿಂದಂತೂ ಅಲ್ಲ. ಇದು ಸ್ಟ್ರೇಟೋಕ್ಯುಮುಲಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಭಾಗದ ರೈತರಿಗೆ ಅತಿ ಹೆಚ್ಚು ಆಸೆ ತೋರಿಸಿ ಅತಿ ಕಡಿಮೆ ನೀರು ಕೊಡುವ ಜಾತಿ.

ಗುರುತು ಹಿಡಿಯಲು ಕೈಬೆರಳು ಸಾಕು. ತೋಳನ್ನು ಪೂರ್ತಿ ಚಾಚಿ, ದಿಗಂತದಿಂದ 30 ಡಿಗ್ರಿಗಿಂತ ಮೇಲಿರುವ ಒಂದು ಮುದ್ದೆಗೆ ಬೆರಳು ಅಡ್ಡ ಹಿಡಿಯಬೇಕು. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ನಡುವಿನ ಮೂರು ಬೆರಳು ಸೇರಿಸಿದರೆ ಸುಮಾರು 5 ಡಿಗ್ರಿ. ತುಣುಕು ಕಿರುಬೆರಳ ಹಿಂದೆ ಮುಚ್ಚಿಹೋದರೆ ಸಿರೋಕ್ಯುಮುಲಸ್, ಮೂರು ಬೆರಳೊಳಗೆ ಮುಚ್ಚಿದರೆ ಆಲ್ಟೋಕ್ಯುಮುಲಸ್, ಮೂರು ಬೆರಳನ್ನೂ ಮೀರಿ ಆಚೀಚೆ ಕಂಡರೆ ಸ್ಟ್ರೇಟೋಕ್ಯುಮುಲಸ್. 30 ಡಿಗ್ರಿಯ ಷರತ್ತು ಬಿಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ. ದಿಗಂತದ ಹತ್ತಿರದ ಮೋಡವನ್ನು ನಾವು ಅಡ್ಡದಿಂದ ನೋಡುತ್ತೇವೆ. ಅಲ್ಲಿ ದೊಡ್ಡ ಮುದ್ದೆಯೂ ಸಣ್ಣದಾಗಿ ಕಾಣುತ್ತದೆ, ಬಿರುಕುಗಳು ಮುಚ್ಚಿಕೊಂಡು ಇಡೀ ಸಾಲು ಒಂದೇ ಕರಿ ಗೋಡೆಯಾಗಿ ತೋರುತ್ತದೆ.

ಇದೇ ಪಡುವಣ ಗಾಳಿ ಖಾನಾಪುರದ ಕಡೆ ಸಹ್ಯಾದ್ರಿಯನ್ನು ಏರುವಾಗ ಮೋಡ ದಪ್ಪವಾಗಿ ಧೋ ಎಂದು ಸುರಿಯುತ್ತದೆ. ಬೆಳಗಾವಿ ದಾಟಿ ಇಳಿಯುತ್ತ ನಮ್ಮಲ್ಲಿಗೆ ಬರುವಷ್ಟರಲ್ಲಿ ಗಾಳಿ ಬೆಚ್ಚಗಾಗಿ ಒಣಗಿರುತ್ತದೆ. ಉಳಿದ ಮೋಡದ ದಪ್ಪ ಕೆಲವು ನೂರು ಮೀಟರ್ ಮಾತ್ರ. ಅಷ್ಟರಲ್ಲಿ ಹನಿಗಳು ಒಂದಕ್ಕೊಂದು ಕೂಡಿ ಬೆಳೆಯಲು ಜಾಗವೇ ಇಲ್ಲ. ಬಿದ್ದರೆ ನಾಲ್ಕು ಹನಿ ತುಂತುರು, ಎರಿ ಹೊಲದ ಬಿರುಕೂ ನೆನೆಯುವುದಿಲ್ಲ.

ಬಿರುಕುಗಳ ಆಚೆ, ತೀರ ಎತ್ತರದಲ್ಲಿ ಬಿಳಿ ಎಳೆಗಳು. ಸಿರಸ್. ಇವು ಹೋಗುವ ದಿಕ್ಕು ನೋಡುವುದೇ ಒಂದು ಪಾಠ: ಕೆಳಗಿನ ಮೋಡ ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದರೆ ಮೇಲಿನ ಎಳೆ ಮೂಡಣದಿಂದ ಪಡುವಣಕ್ಕೆ ಸರಿಯುತ್ತಿದೆ. ಮುಂಗಾರಿನಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು 14ರಿಂದ 16 ಕಿ.ಮೀ. ಎತ್ತರದಲ್ಲಿ ಜೋರಾದ ಮೂಡಣ ಗಾಳಿ ಬೀಸುತ್ತದೆ. ಮೂಡಣದ ಸೀಮೆಯಲ್ಲೆಲ್ಲೋ ಎದ್ದ ಗುಡುಗು ಮೋಡಗಳ ನೆತ್ತಿಯನ್ನು ಅದೇ ಎಳೆದು ತರುತ್ತದೆ. ದಿಕ್ಕು ನೋಡುವಾಗ ಕಣ್ಣಿಗೆ ಒಂದು ಕದಲದ ಗುರುತು ಬೇಕು. ಗೋಳಗುಮ್ಮಟದ ಮೂಲೆಗೋಪುರದ ತುದಿಯೋ, ಲೈಟ್ ಕಂಬವೋ ಆಗಬಹುದು. ತಲೆಯನ್ನು ಗೋಡೆಗೆ ಆನಿಸಿ ಒಂದೆರಡು ನಿಮಿಷ ಅಲುಗದೆ ನೋಡಬೇಕು. ಇಲ್ಲವಾದರೆ ಕೆಳಗಿನ ಮೋಡದ ಓಟಕ್ಕೆ ಮೇಲಿನದು ಹಿಂದಕ್ಕೆ ಹೋದಂತೆ ಬರೀ ಭ್ರಮೆಯಾಗುತ್ತದೆ.

ಹೆಸರುಗಳ ಮೂಲ ಲಂಡನ್ನಿನ ಔಷಧ ತಯಾರಕ ಲ್ಯೂಕ್ ಹೊವಾರ್ಡ್ 1802ರಲ್ಲಿ ಕೊಟ್ಟ ಉಪನ್ಯಾಸ: ಸಿರಸ್, ಕ್ಯುಮುಲಸ್, ಸ್ಟ್ರೇಟಸ್, ನಿಂಬಸ್. ಈಗ ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ 10 ಜಾತಿಗಳಿವೆ. ನಮ್ಮಂಥ ಉಷ್ಣವಲಯದಲ್ಲಿ 2 ಕಿ.ಮೀ. ಒಳಗಿನದು ಕೆಳಮೋಡ, 2ರಿಂದ 8 ನಡುಮೋಡ, 6ರಿಂದ 18 ಮೇಲ್ಮೋಡ. ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ನೆಲದ ಮೇಲಿನ ನೆರಳು ನೋಡುವುದು ಒಳ್ಳೆಯದು. ಆಕಾಶಕ್ಕೆ ತೆಳು ಪರದೆ ಹರಡಿದೆ, ಆದರೂ ನಿಮ್ಮ ನೆರಳು ಬೀಳುತ್ತಿದೆ ಎಂದರೆ ಸಿರೋಸ್ಟ್ರೇಟಸ್. ಸೂರ್ಯನ ಸುತ್ತ ಪರಿವೇಷ, ಅಂದರೆ ಬೆಳಕಿನ ಉಂಗುರ, ಕಟ್ಟಿದರೆ ಅನುಮಾನವೇ ಬೇಡ. ಅದರ ತ್ರಿಜ್ಯ 22 ಡಿಗ್ರಿ, ಚಾಚಿದ ಕೈಯ ಸುಮಾರು ಒಂದು ಗೇಣು. ನೆರಳು ಅಳಿಸಿಹೋಗಿ ಸೂರ್ಯ ಮಸುಕು ಬಿಲ್ಲೆಯಾದರೆ ಆಲ್ಟೋಸ್ಟ್ರೇಟಸ್. ಸೂರ್ಯ ಎಲ್ಲಿದ್ದಾನೆಂದೇ ತಿಳಿಯದೆ ಮಳೆ ಬಿಡದೆ ಸುರಿಯುತ್ತಿದ್ದರೆ ನಿಂಬೋಸ್ಟ್ರೇಟಸ್. ಇದು ನಮ್ಮಲ್ಲಿ ಬರುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಳನಾಡಿಗೆ ಸರಿದಾಗ.

ಮಧ್ಯಾಹ್ನ 1 ಗಂಟೆ. ಬೆಳಗಿನ ಮೋಡ ಒಡೆದು ಬಿಸಿಲು ಬಿದ್ದಿದೆ. ಉಷ್ಣಾಂಶ 31 ಡಿಗ್ರಿ ಸೆಲ್ಸಿಯಸ್, ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ) 21. ಎರಡರ ಅಂತರವನ್ನು 125ರಿಂದ ಗುಣಿಸಿದರೆ ಕ್ಯುಮುಲಸ್ ಮೋಡದ ತಳದ ಎತ್ತರ ಸಿಗುತ್ತದೆ: ನೆಲದಿಂದ 1,250 ಮೀಟರ್. ಬಿಸಿಲಿಗೆ ಕಾದು ಏರುವ ಗಾಳಿಯಿಂದ ಹುಟ್ಟಿದ ಮೋಡಕ್ಕಷ್ಟೇ ಈ ಲೆಕ್ಕ. ಬೆಳಗಿನ ಪದರ ಮೋಡಕ್ಕೆ ಹಾಕಿದರೆ ಸುಳ್ಳಾಗುತ್ತದೆ.

3 ಗಂಟೆಗೆ ಸಿಂದಗಿ ದಿಕ್ಕಿನಲ್ಲಿ ಒಂದು ಕ್ಯುಮುಲಸ್ ಅಗಲಕ್ಕಿಂತ ಎತ್ತರವಾಗಿ ಬೆಳೆಯಿತು. ಇಲ್ಲಿಂದ ಮುಂದೆ ನೋಡಬೇಕಾದ್ದು ನೆತ್ತಿಯ ಅಂಚು ಮಾತ್ರ. ಹೂಕೋಸಿನ ಹಾಗೆ ಗಂಟುಗಂಟಾಗಿ, ಕತ್ತರಿಸಿದಷ್ಟು ಚೂಪಾಗಿದ್ದರೆ ಒಳಗೆ ಇನ್ನೂ ನೀರಹನಿ, ಅದು ಕ್ಯುಮುಲಸ್ ಕಂಜೆಸ್ಟಸ್. ಹನಿ ಒಣ ಗಾಳಿಗೆ ಬಂದ ಕೂಡಲೇ ಆವಿಯಾಗುವುದರಿಂದ ಅಂಚು ಚೂಪಾಗಿಯೇ ಇರುತ್ತದೆ. ಹಿಮದ ಹರಳು ಅಷ್ಟು ಬೇಗ ಕರಗಿಹೋಗದು. ಹಾಗಾಗಿ ನೆತ್ತಿ ಹಿಮವಾದಾಗ ಗಂಟುಗಳು ಸವೆದು ಅಂಚು ಮಾಸುತ್ತದೆ. ಆ ಗಳಿಗೆಯಿಂದ ಅದು ಗುಡುಗು ಮೋಡ, ಕ್ಯುಮುಲೋನಿಂಬಸ್ ಕಾಲ್ವಸ್; ಹವಾಮಾನ ವೀಕ್ಷಕರ ದಾಖಲೆಯಲ್ಲಿ ಕೆಳಮೋಡದ ಸಂಕೇತ 3. ಅಂಚಿನಲ್ಲಿ ನಾರುನಾರು ಎದ್ದರೆ, ನೆತ್ತಿ ಚಪ್ಪಟೆಯಾಗಿ ಹರಡಿದರೆ ಸಂಕೇತ 9. ಇಂದು 3ರಿಂದ 9ಕ್ಕೆ ಬರಲು ಅರ್ಧ ತಾಸೂ ಹಿಡಿಯಲಿಲ್ಲ. ಮೋಡ ತಲೆಯ ಮೇಲೇ ಇದ್ದು ನೆತ್ತಿ ಕಾಣದಿದ್ದರೆ ಗುಡುಗು, ಮಿಂಚು, ಆಣಿಕಲ್ಲುಗಳಲ್ಲಿ ಯಾವುದಾದರೂ ಒಂದಿದ್ದರೆ ಕ್ಯುಮುಲೋನಿಂಬಸ್ ಎಂದೇ ಬರೆಯಬೇಕೆಂಬ ನಿಯಮವಿದೆ.

ಮಳೆ ಸುರಿಯುವಾಗ ಅದರ ಕೆಳಗೆ ಹರಿದ ಚಿಂದಿಯಂಥ ಕರಿ ಮೋಡ ಬಲು ವೇಗವಾಗಿ ಓಡುತ್ತದೆ. ಜನ ಬೆರಳು ತೋರಿಸಿ ಹೆದರುವುದು ಇದಕ್ಕೇ. ಅದು ಮಳೆ ತರುವುದಲ್ಲ, ಬಿದ್ದ ಮಳೆಯ ತೇವಕ್ಕೆ ಹುಟ್ಟಿದ್ದು. ಬಣ್ಣವೂ ಹೀಗೇ ಮೋಸ ಮಾಡುತ್ತದೆ. ಸೂರ್ಯನಿಗೆ ಅಡ್ಡ ಬಂದ ಸಾಧಾರಣ ಮೋಡವೂ ಕಪ್ಪಾಗಿಯೇ ಕಾಣುತ್ತದೆ. ಫೋಟೊ ಕಳಿಸಿ ಜಾತಿ ಕೇಳುವವರು ಗಂಟೆ, ದಿಕ್ಕು, ಸೂರ್ಯ ಯಾವ ಕಡೆ ಇದ್ದ ಎಂಬುದನ್ನೂ ಬರೆಯದಿದ್ದರೆ ಉತ್ತರ ಕೊಡುವುದು ಬರೀ ಊಹೆ.

ಸಂಜೆ 5.30. ಗುಡುಗು ಮೋಡ ಕುಸಿದು ಹರಡಿದೆ. ಎಂಟರಲ್ಲಿ ಏಳು ಪಾಲು. ಒಂದೇ ಒಂದು ಕಿಂಡಿ ಉಳಿದಿದ್ದರೂ ಎಂಟು ಎಂದು ಬರೆಯುವಂತಿಲ್ಲ, ಒಂದೇ ಚೂರು ಮೋಡವಿದ್ದರೂ ಸೊನ್ನೆ ಬರೆಯುವಂತಿಲ್ಲ.

ದ್ರಾಕ್ಷಿ ಪಡದವರಿಗೆ (ತೋಟದವರಿಗೆ) ಅಕ್ಟೋಬರ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಹತ್ತಿರ ಬಂತು. ಚಿಗುರು ಬಂದ ಮೇಲೆ ಎಷ್ಟು ಮಿ.ಮೀ. ಬಿತ್ತು ಎನ್ನುವುದಕ್ಕಿಂತ ಎಲೆ ಎಷ್ಟು ಹೊತ್ತು ಒದ್ದೆಯಿತ್ತು ಎನ್ನುವುದು ಮುಖ್ಯ. ಕ್ಯುಮುಲೋನಿಂಬಸ್ ಒಂದು ತಾಸು ಸುರಿದು ಹೋಗಿ ಬಿಸಿಲು ಬಿದ್ದರೆ ಎಲೆ ಆರುತ್ತದೆ. ಆಲ್ಟೋಸ್ಟ್ರೇಟಸ್ ದಪ್ಪವಾಗುತ್ತ ನಿಂಬೋಸ್ಟ್ರೇಟಸ್ ಆಗುತ್ತಿದ್ದರೆ ದಿನಗಟ್ಟಲೆ ಆರುವುದಿಲ್ಲ, ಡೌನಿ ಎಂಬ ಬೂಜು ರೋಗಕ್ಕೆ ಬೇಕಾದ್ದು ಅದೇ. ನೆರಳು ಮಾಸತೊಡಗಿದ ದಿನವೇ ಸಿಂಪಡಣೆಯ ತಯಾರಿ ಇರಲಿ. ಇನ್ನು ನೆತ್ತಿ ಮಾಸಿದ ಮೋಡ ಕಂಡರೆ ಪಡದೊಳಗೆ ನಿಲ್ಲಬೇಡಿ. ಕಬ್ಬಿಣದ ಆ್ಯಂಗಲ್, ಉದ್ದಕ್ಕೂ ಎಳೆದ ತಂತಿ, ಎರಡೂ ಸಿಡಿಲಿಗೆ ದಾರಿ. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು 3ರಿಂದ ಭಾಗಿಸಿದರೆ ದೂರ ಕಿ.ಮೀ.ನಲ್ಲಿ ಬರುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಪಕ್ಕಾ ಮನೆಯೊಳಗೆ ಹೋಗಿ, ಕೊನೆಯ ಗುಡುಗು ಕೇಳಿ 30 ನಿಮಿಷವಾದ ಮೇಲೆ ಹೊರಗೆ ಬನ್ನಿ.