ಅನುಬಂಧ ಎರಡು

ಸಂಶೋಧನಾ ಪ್ರಬಂಧ ಮೌಲ್ಯಮಾಪನಕ್ಕೆ ಬಂದರೆ ನಾನು ಮೊದಲು ತೆರೆಯುವುದು ಕೊನೆಯ ಗ್ರಂಥಋಣದ ಪುಟಗಳನ್ನು. ಅಭ್ಯರ್ಥಿ ಏನೇನು ಓದಿದ್ದಾರೆಂದು ತಿಳಿಯುತ್ತದೆ ಎಂದು ಸಹೋದ್ಯೋಗಿಗಳ ಮುಂದೆ ಹೇಳುತ್ತೇನೆ. ನಿಜವಾಗಿ ಹುಡುಕುವುದು ನನ್ನ ಹೆಸರನ್ನು.

2019ರ ಮಳೆಗಾಲದಲ್ಲಿ ಸಾಗರದ ನಮ್ಮ ಮನೆಗೆ ಬಂದ ಎಂ.ಫಿಲ್ ಪ್ರಬಂಧದಲ್ಲಿ ನನ್ನ ಹೆಸರಿರಲಿಲ್ಲ. ವಿಷಯ, ಶರಾವತಿ ಮುಳುಗಡೆಯವರ ಮೌಖಿಕ ಇತಿಹಾಸ. ಅದೇ ವಿಷಯದಲ್ಲಿ ಹಿಂದೊಮ್ಮೆ ಲೇಖನ ಬರೆದು, ಅದು ಎಲ್ಲರಿಗೂ ನೆನಪಿರುತ್ತದೆ ಎಂದುಕೊಂಡವನು ನಾನು. ಪ್ರಬಂಧವನ್ನು ಮುಚ್ಚಿಟ್ಟು ಎರಡು ದಿನ ಮುಟ್ಟಲಿಲ್ಲ. ಕಾಲೇಜಿನ ಉತ್ತರ ಪತ್ರಿಕೆಗಳಿವೆ ಎಂಬ ನೆಪ.

ಎಂ.ಫಿಲ್ ಪದವಿಯೇ ಈಗಿಲ್ಲ; ಯುಜಿಸಿ 2022ರ ನಿಯಮಾವಳಿಯಲ್ಲಿ ಅದನ್ನು ನಿಲ್ಲಿಸಿತು. ಇದ್ದಾಗ ಅದರಿಂದ ಹೊಸ ಸಿದ್ಧಾಂತವನ್ನು ಬಯಸುವುದು ಅನ್ಯಾಯವಾಗಿತ್ತು. ಪ್ರಶ್ನೆ ಕೇಳಲು, ಆಕರ ಹುಡುಕಲು, ಸಿಕ್ಕಿದ್ದನ್ನು ತೂಗಿ ನೋಡಲು ಬರುತ್ತದೆಯೇ ಎಂದಷ್ಟೇ ನೋಡಬೇಕು. ಕೃತಿಚೌರ್ಯ ತಪಾಸಣೆಯ ಪ್ರಮಾಣಪತ್ರದಲ್ಲಿ ಹೋಲಿಕೆ ಶೇ. 7 ಎಂದಿತ್ತು. 2018ರ ನಿಯಮದಂತೆ ಶೇ. 10ರವರೆಗೆ ದಂಡವಿಲ್ಲ, 10ರಿಂದ 40 ಆದರೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಆ ಸಾಫ್ಟ್‌ವೇರ್ ನಮ್ಮ ತಾಲ್ಲೂಕಿನ ಸ್ಮರಣ ಸಂಚಿಕೆಗಳನ್ನು ಎಲ್ಲಿ ಓದಿರುತ್ತದೆ? ಕಪಾಟಿನಿಂದ ನಾಲ್ಕು ಸಂಚಿಕೆ ಇಳಿಸಿ, ಗೆದ್ದಲಿನ ಧೂಳು ಕೊಡವಿ, ಒಂದೊಂದೇ ಪುಟ ಹೋಲಿಸಿ ನೋಡಿದೆ. ಕದ್ದದ್ದು ಒಂದು ಸಾಲೂ ಇರಲಿಲ್ಲ.

ಕಾಡಿದ್ದು ಬೇರೆ. ಮೂವತ್ತೆರಡು ಮಂದಿ ವಕ್ತೃಗಳು. ದೀವರ ಅಜ್ಜಿ, ಹವ್ಯಕರ ಯಜಮಾನರು, ದೋಣಿ ನಡೆಸುತ್ತಿದ್ದವರು, ಎಲ್ಲರೂ ಒಂದೇ ಬಾಯಿಯಿಂದ ಮಾತನಾಡುತ್ತಿದ್ದರು. ‘ಅಭಿವೃದ್ಧಿಯ ಹೆಸರಿನಲ್ಲಿ ನಾವು ನಿರಾಶ್ರಿತರಾದೆವು’ ಎಂದು ನಮ್ಮ ಕಡೆಯ ಯಾವ ಅಜ್ಜಿ ಹೇಳುತ್ತಾಳೆ? ಸಂಶಯ ಒಮ್ಮೆ ಮೊಳೆತರೆ ಅದಕ್ಕೆ ಗೊಬ್ಬರ ತಾನಾಗಿ ಸಿಗುತ್ತದೆ. ಪುಟ 61ರಲ್ಲಿ ಒಬ್ಬ ಅಜ್ಜಿ ಐದು ವರ್ಷದ ಹುಡುಗಿಯಾಗಿದ್ದಾಗ ಊರು ಬಿಟ್ಟಿದ್ದಳು. ಪುಟ 88ರಲ್ಲಿ ಅದೇ ಅಜ್ಜಿ ಎರಡು ಮಕ್ಕಳ ತಾಯಿಯಾಗಿ ಊರು ಬಿಟ್ಟಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವಳಿಗೆ ಐದೋ, ಇಪ್ಪತ್ತೆರಡೋ? ‘ಕಾಲಗಣನೆಯಲ್ಲಿ ಗಂಭೀರ ದೋಷ, ಕ್ಷೇತ್ರಕಾರ್ಯದ ಪ್ರಾಮಾಣಿಕತೆಯೇ ಪ್ರಶ್ನಾರ್ಹ’ ಎಂದು ವರದಿಯ ಮೂರನೆಯ ಆಕ್ಷೇಪವಾಗಿ ಬರೆದು ಅಂಚೆಗೆ ಹಾಕಿದೆ. ಬರೆಯುವಾಗ ಕೈ ಸ್ವಲ್ಪ ಹುರುಪಿನಲ್ಲೇ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೌಖಿಕ ಪರೀಕ್ಷೆಯ ದಿನ ಬೆಳಗಿನಿಂದಲೇ ಜಡಿಮಳೆ. ಕೋಣೆಯಲ್ಲಿ ಅಧ್ಯಕ್ಷರು, ಸಹಪರೀಕ್ಷಕರು, ಮಾರ್ಗದರ್ಶಕರು, ಹಿಂದಿನ ಸಾಲಿನಲ್ಲಿ ನಾಲ್ಕಾರು ವಿದ್ಯಾರ್ಥಿಗಳು. ನಾನು ಮೂರನೆಯ ಆಕ್ಷೇಪವನ್ನು ಓದಿದೆ. ಮಾರ್ಗದರ್ಶಕರು ಉತ್ತರ ಹೇಳಲು ಎದ್ದರು. ‘ಪದವಿ ಬೇಕಾದದ್ದು ಅವರಿಗೆ, ಅವರೇ ಹೇಳಲಿ’ ಎಂದು ಅಧ್ಯಕ್ಷರು ತಡೆದರು.

ಹುಡುಗಿ ಹೆದರಿರಲಿಲ್ಲ, ಗೊಂದಲಗೊಂಡಿದ್ದಳು. ‘ಸರ್, ಆ ಅಜ್ಜಿ ಎರಡು ಸಲ ಮುಳುಗಿದವರು. ಮೊದಲ ಸಲ ಹಿರೇಭಾಸ್ಕರಕ್ಕೆ, ಆಮೇಲೆ ಲಿಂಗನಮಕ್ಕಿಗೆ. ಅನುಬಂಧ ಎರಡರಲ್ಲಿ ಹಾಕಿದ್ದೇನೆ.’

ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಮಡೆನೂರಿಗೆ ಹೋಗಿ ಅದರ ಮೇಲೆ ನಡೆದಾಡಿದವನು ನಾನು. 1940ರ ದಶಕದ ಆ ಕಟ್ಟಡವನ್ನೇ ಲಿಂಗನಮಕ್ಕಿ ನುಂಗಿತು ಎಂದು ತರಗತಿಯಲ್ಲಿ ಪಾಠ ಹೇಳಿದವನು. ಅಣೆಕಟ್ಟು ಮುಳುಗಿದ್ದು ಗೊತ್ತಿತ್ತು. ಅದರಿಂದ ಒಮ್ಮೆ ಎದ್ದು ಮೇಲಿನ ದಿಬ್ಬಕ್ಕೆ ಹೋಗಿ ಕೂತವರು ಮತ್ತೆ ಏಳಬೇಕಾಯಿತೇ ಎಂದು ನಾನು ಕೇಳಿಕೊಂಡಿರಲೇ ಇಲ್ಲ. ನನ್ನ ಲೇಖನದಲ್ಲೂ ಅದಿಲ್ಲ. ಪ್ರಬಂಧವನ್ನು ತಿರುವಿದೆ. ಅನುಬಂಧ ಎರಡು ಗ್ರಂಥಋಣದ ಬೆನ್ನಿಗೇ ಇತ್ತು, ನಾನು ನನ್ನ ಹೆಸರು ಹುಡುಕಿ ಮುಚ್ಚಿದ ಪುಟದ ಮರುಪುಟದಲ್ಲಿ.

ತಪ್ಪು ನನ್ನದು ಎಂದು ಅಲ್ಲಿಯೇ ಹೇಳಿದೆ. ಹೇಳಿದ ಮೇಲೆ ಇನ್ನೊಂದು ಆಸೆ ಎದ್ದಿತು: ಉಳಿದ ಆಕ್ಷೇಪಗಳನ್ನೂ ಬಿಟ್ಟು, ಚಹಾ ಕುಡಿದು ಎದ್ದುಬಿಡೋಣ. ಅದು ಅವಳಿಗೆ ಮಾಡುವ ಉಪಕಾರವಾಗುತ್ತಿರಲಿಲ್ಲ, ನನ್ನ ನಾಚಿಕೆಗೆ ಹಚ್ಚುವ ಮುಲಾಮಾಗುತ್ತಿತ್ತು. ‘ಸರಿ ಅಮ್ಮ, ಆದರೆ ಇವರೆಲ್ಲ ಒಂದೇ ರೀತಿ ಮಾತನಾಡುತ್ತಾರಲ್ಲ?’ ಎಂದೆ. ಪ್ರಬಂಧಕ್ಕೆ ಗ್ರಾಂಥಿಕ ಭಾಷೆಯೇ ಬೇಕೆಂದು ಎಲ್ಲವನ್ನೂ ತಿದ್ದಿ ಬರೆದೆ ಎಂದಳು. ಧ್ವನಿಮುದ್ರಣ ಇದೆಯೇ? ಮೊಬೈಲಿನಲ್ಲೇ ಇತ್ತು.

ಅಜ್ಜಿಯ ಸ್ವರ ಮಳೆಯ ಸದ್ದಿನಲ್ಲಿ ಅರ್ಧ ಮುಳುಗಿ ಕೇಳಿಸಿತು. ಮೊದಲ ಸಲ ಎದ್ದಾಗ ಅಪ್ಪ ಬಾಗಿಲಿನ ದಾರಂದವನ್ನು ಕಿತ್ತು ಹೊತ್ತು ತಂದಿದ್ದನಂತೆ. ಎರಡನೆಯ ಸಲ ಯಾರೂ ಕೀಳಲಿಲ್ಲ. ಮೂರನೆಯ ಸಲ ಎಬ್ಬಿಸಿದರೆ ಮತ್ತೆ ಹೊರುವವರು ಯಾರು ಎಂದು ಹಾಗೇ ನೀರಿಗೆ ಬಿಟ್ಟು ಬಂದರಂತೆ. ಪುಟ 88ರಲ್ಲಿ ಇದು ‘ಪುನರ್ವಸತಿಯ ಅನಿಶ್ಚಿತತೆಯಿಂದ ಅವರು ಮನೋವೇದನೆಗೆ ಒಳಗಾಗಿದ್ದರು’ ಎಂದಾಗಿತ್ತು. ಸಹಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇನ್ನೊಮ್ಮೆ ಹಾಕಿ ಎಂದರು.

ಪದವಿಗೆ ಶಿಫಾರಸು ಮಾಡಿದೆವು. ಹೇಳಿಕೆಗಳನ್ನು ಅವರವರ ಮಾತಿನಲ್ಲೇ ಕೊಟ್ಟು, ಧ್ವನಿ ಮುದ್ರಿಸಿದ ದಿನ ಮತ್ತು ಸ್ಥಳವನ್ನು ಜೊತೆಗೆ ಸೇರಿಸಬೇಕು ಎಂಬ ಷರತ್ತಿನೊಂದಿಗೆ.

ನನ್ನ ವರದಿಯ ಮೂರನೆಯ ಆಕ್ಷೇಪಕ್ಕೆ ಗೀಟು ಎಳೆಯಹೊರಟರೆ, ತಿದ್ದಿದ ವರದಿಯನ್ನು ಸ್ವೀಕರಿಸುವುದಿಲ್ಲ, ಬೇರೆ ಹಾಳೆಯಲ್ಲಿ ಬರೆದುಕೊಡಿ ಎಂದರು ಗುಮಾಸ್ತರು. ಬರೆದೆ: ‘ಈ ಆಕ್ಷೇಪ ತಪ್ಪು. ಅನುಬಂಧ ಎರಡನ್ನು ನಾನು ಓದಿರಲಿಲ್ಲ.’ ಸಹಪರೀಕ್ಷಕರು ಹೆಗಲ ಮೇಲಿಂದ ಇಣುಕಿ, ‘ಇಷ್ಟು ಬೇಕೇ? ಗಮನಕ್ಕೆ ಬಂದಿರಲಿಲ್ಲ ಎನ್ನಿ, ಸಾಕು’ ಎಂದರು. ಪುಟ 88ರ ಅಂಚಿನಲ್ಲಿ ನಾನೇ ಎಳೆದಿದ್ದ ಕೆಂಪು ಗೆರೆ ಮೇಜಿನ ಮೇಲೆ ತೆರೆದೇ ಇತ್ತು. ಓದಿರಲಿಲ್ಲ ಎಂದೇ ಇರಲಿ ಎಂದು ಸಹಿ ಹಾಕಿ, ಐದೂವರೆಯ ಸಾಗರದ ಬಸ್ಸಿಗೆ ಓಡಿದೆ.