ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಲು: ಉಬ್ಬರ ಇಳಿತ ನೋಡಿ ರಜೆ ಹಾಕಿ

ಕರಾವಳಿಗೆ ಹಕ್ಕಿ ನೋಡಲು ಹೋಗುವ ಯೋಚನೆ ಇದ್ದರೆ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಯಾವಾಗ ಅಂತ ನೋಡಿ. ರೈಲು ಟಿಕೆಟ್, ಉಳಿಯುವ ಜಾಗ ಎಲ್ಲ ಆಮೇಲೆ. ಕೆರೆಯ ಹಕ್ಕಿಗಳು ಸೂರ್ಯನ ಗಡಿಯಾರದಲ್ಲಿ ಬದುಕುತ್ತವೆ, ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ ಹಕ್ಕಿಗಳು ನೀರಿನ ಗಡಿಯಾರದಲ್ಲಿ. ಬೆಳಿಗ್ಗೆ ಆರಕ್ಕೆ ಎದ್ದು ಓಡಿದರೆ ಸಿಕ್ಕೇ ಸಿಗುತ್ತವೆ ಅನ್ನುವ ನಮ್ಮ ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯುಗಾದಿ ಆಸುಪಾಸಿನ ಶನಿವಾರ, ಭಾನುವಾರ ನಾವು ನಾಲ್ಕೈದು ಜನ ಉತ್ತರ ಕನ್ನಡದ ಕುಮಟಾಕ್ಕೆ ಹೋಗಿದ್ದೆವು. ಜೊತೆಗೆ ಅಲ್ಲಿಯದೇ ಊರಿನ ಒಬ್ಬ ಗೈಡ್. ಒಂದು ದಿನ ಅಘನಾಶಿನಿ ಅಳಿವೆ ಮತ್ತು ಸಾಣಿಕಟ್ಟಾದ ಉಪ್ಪಿನ ಆಗರ, ಮರುದಿನ ಹೊನ್ನಾವರದ ಶರಾವತಿ ಕಡೆ. ಹೋಗಬೇಕು ಅಂತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಯುಗಾದಿಯನ್ನೇ ಯಾಕೆ ಹಿಡಿದೆವು ಅಂದರೆ ಎರಡು ಕಾರಣ. ಯುಗಾದಿ ಬರುವುದು ಅಮಾವಾಸ್ಯೆಯ ಬೆನ್ನಿಗೆ. ಆಗ ಉಬ್ಬರವೂ ಜೋರು, ಇಳಿತವೂ ಜೋರು. ನಾವಿದ್ದಾಗ ಬೆಳಗಿನ ಜಾವ ನೀರು ಪೂರ್ತಿ ಇಳಿದು, ಎಂಟರ ಹೊತ್ತಿಗೆ ಚೆನ್ನಾಗಿ ಏರುತ್ತಿದ್ದು, ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ತುಂಬಿಕೊಳ್ಳುತ್ತಿತ್ತು. ಅಂದರೆ ನೀರು ಏರುವ ಹೊತ್ತು ಮತ್ತು ಒಳ್ಳೆ ಬೆಳಕಿನ ಹೊತ್ತು ಎರಡೂ ಕೂಡಿ ಬರುತ್ತವೆ. ಇದೇ ಮುಖ್ಯ. ನೀರು ಪೂರ್ತಿ ಇಳಿದಾಗ ಕೆಸರಿನ ಬಯಲು ಎಷ್ಟು ದೂರಕ್ಕೆ ತೆರೆದುಕೊಳ್ಳುತ್ತದೆ ಅಂದರೆ ಹಕ್ಕಿಗಳು ಅಲ್ಲೊಂದು ಇಲ್ಲೊಂದು ಚುಕ್ಕಿಯಾಗಿ ಕಾಣುತ್ತವೆ, ಅಷ್ಟೇ. ನೀರು ಏರುತ್ತಾ ಬಂದ ಹಾಗೆ ಅವುಗಳಿಗೆ ಮೇಯಲು ಉಳಿಯುವ ಜಾಗ ಕಿರಿದಾಗುತ್ತದೆ, ಅವು ನಾವಿರುವ ದಂಡೆಯ ಕಡೆಗೇ ಸರಿಯುತ್ತಾ ಬರುತ್ತವೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಭಾನುವಾರದ ಲೆಕ್ಕ ಶನಿವಾರದ್ದಲ್ಲ. ಮೊಬೈಲಿನಲ್ಲಿ ಕಾರವಾರದ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ನೋಡಿಕೊಳ್ಳಿ, ಆದರೂ ದೋಣಿಯವರನ್ನು ಒಂದು ಮಾತು ಕೇಳಿ. ಸಮುದ್ರದಿಂದ ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ಅದು ಅವರಿಗೇ ಸರಿಯಾಗಿ ಗೊತ್ತಿರುವುದು.

ಎರಡನೇ ಕಾರಣ ಬಣ್ಣ. ಡಿಸೆಂಬರಿನಲ್ಲಿ ಬಂದರೆ ಹಕ್ಕಿಗಳ ಸಂಖ್ಯೆ ಏನೋ ಜಾಸ್ತಿ ಇರುತ್ತದೆ, ಆದರೆ ಎಲ್ಲವೂ ಬೂದು, ಕಂದು. ಹೊಸಬರಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಅವು ಉತ್ತರಕ್ಕೆ ಹೊರಡುವ ತಯಾರಿಯಲ್ಲಿರುತ್ತವೆ. ಸ್ಯಾಂಡ್ ಪ್ಲೋವರ್ ಅನ್ನುವ ಪುಟ್ಟ ದಂಡೆ ಹಕ್ಕಿಗಳ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಕಣ್ಣಿನ ಸುತ್ತ ಕಪ್ಪು ಪಟ್ಟಿ ಮೂಡಿರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್‌ನ ಹೊಟ್ಟೆ ತುಕ್ಕಿನ ಕೆಂಪಾಗುತ್ತಿರುತ್ತದೆ. ಚಳಿಗಾಲವಿಡೀ ಬಿಳಿ ತಲೆ ಹೊತ್ತಿದ್ದ ಗಲ್ ಅನ್ನುವ ಕಡಲ ಹಕ್ಕಿಗಳು ಕಂದು ಟೋಪಿ ಹಾಕಿಕೊಂಡಿರುತ್ತವೆ. ಅರ್ಧ ಬಣ್ಣ ತಿರುಗಿದವು, ಪೂರ್ತಿ ತಿರುಗಿದವು, ಇನ್ನೂ ಬೂದಾಗಿಯೇ ಇರುವ ಎಳೆಯವು, ಎಲ್ಲ ಒಂದೇ ಗುಂಪಿನಲ್ಲಿ. ನನಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಬೇರೆ ಕಾಣೆ.

ಬೆಂಗಳೂರಿನಿಂದ ಹೋಗುವವರಿಗೆ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಕುಮಟಾ. ಹಬ್ಬದ ವಾರ ಟಿಕೆಟ್ ಸಿಗುವುದು ಕಷ್ಟ, ಬೇಗ ಮಾಡಿಸಿ. ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ಉಳಿಯಲು ಕುಮಟಾ ಊರೇ ಅನುಕೂಲ. ಗೋಕರ್ಣದಲ್ಲಿ ವಾರಾಂತ್ಯಕ್ಕೆ ಗದ್ದಲ ಜಾಸ್ತಿ, ಬಾಡಿಗೆಯೂ ಜಾಸ್ತಿ.

ಗೈಡ್ ಬೇಕಾ ಅಂತ ಹಲವರು ಕೇಳುತ್ತಾರೆ. ಬೇಕು. ಅಳಿವೆಯಲ್ಲಿ ಎಲ್ಲಿ ಕಾಲಿಟ್ಟರೆ ಪಾದ ಮುಳುಗುತ್ತದೆ, ಎಲ್ಲಿ ಇಟ್ಟರೆ ಸೊಂಟದವರೆಗೆ ಹೋಗುತ್ತದೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಮಾತಾಡುವಾಗಲೇ ಕೆಲವು ವಿಷಯ ಕೇಳಿಬಿಡಿ. ಅವರು ನಿಮ್ಮ ದಿನವನ್ನು ಉಬ್ಬರ ನೋಡಿ ಜೋಡಿಸುತ್ತಾರಾ? ಸ್ಪಾಟಿಂಗ್ ಸ್ಕೋಪ್, ಅಂದರೆ ಮುಕ್ಕಾಲಿ ಮೇಲಿಟ್ಟು ದೂರದ ಹಕ್ಕಿ ನೋಡುವ ದೂರದರ್ಶಕ, ಇದೆಯಾ? ಇದಿಲ್ಲದೆ ಕಡಲ ಹಕ್ಕಿ ನೋಡುವುದು ಅರ್ಧ ಕೆಲಸ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ದೋಣಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ದಂಡೆಯಲ್ಲಿ ನಿಂತು ಆಚೆಯ ಮರಳುದಿಬ್ಬ ನೋಡಲು ಸಾಲದು. ಇನ್ನೊಂದು, ಫೋಟೋಕ್ಕಾಗಿ ಹಿಂಡನ್ನು ಎಬ್ಬಿಸುತ್ತಾರಾ ಅಂತಲೂ ಕೇಳಿ. "ಬೇಕಾದರೆ ಹಾರಿಸಿ ಕೊಡ್ತೇನೆ" ಅಂದರೆ ಬೇರೆಯವರನ್ನು ಹುಡುಕಿ. ದೋಣಿಯ ಬಾಡಿಗೆ ಗಂಟೆಗೋ, ಇಡೀ ಸುತ್ತಿಗೋ, ಗೈಡಿನ ಹಣದಲ್ಲಿ ಸೇರಿದೆಯೋ ಬೇರೆಯೋ, ಇದನ್ನು ಮೊದಲೇ ಮಾತಾಡಿಕೊಳ್ಳಿ.

ಶನಿವಾರ ಅಳಿವೆಯ ಬಾಯಿಯ ಬಂದರು ತದಡಿಯಲ್ಲಿ ದೋಣಿ ಹತ್ತಿದೆವು. ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಮೇಲಿನ ಮಣ್ಣು, ಎಲೆ, ಸಿಹಿನೀರು ಎಲ್ಲ ತಡೆಯಿಲ್ಲದೆ ಇಳಿದು ಬಂದು ಇಲ್ಲಿ ಉಪ್ಪುನೀರಿನ ಜೊತೆ ಬೆರೆಯುತ್ತದೆ. ಅದಕ್ಕೇ ಈ ಕೆಸರಿನಲ್ಲಿ ಹುಳ, ಏಡಿ, ಸಿಗಡಿ, ಬಳಚು (ಎರಡು ಚಿಪ್ಪಿನ ಜೀವಿ) ಇಷ್ಟೊಂದು. ನೀರು ಇಳಿದಾಗ ಊರಿನ ಹೆಂಗಸರು, ಗಂಡಸರು ಬಳಚು ತೆಗೆಯಲು ಇಳಿಯುತ್ತಾರೆ, ಅವರ ಆಚೆಗೆ ಹಕ್ಕಿಗಳೂ ಅದೇ ಕೆಸರು ಕೆದಕುತ್ತಿರುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಅನ್ನುವ ತಗ್ಗು ಗದ್ದೆಗಳು, ಉಪ್ಪಿನ ಆಗರ ಎಲ್ಲವೂ ಇದೇ ನೀರನ್ನು ನಂಬಿಕೊಂಡಿವೆ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸೇರಲೇಬೇಕಾದ ಜಾಗ.

ಎಂಜಿನ್ ನಿಲ್ಲಿಸಿ ಕಾಂಡ್ಲಾ ನೆರಳಲ್ಲಿ ಕಾದೆವು. ಒಂದು ಹಿಂಡು ದೂರದಲ್ಲಿತ್ತು. ಹತ್ತಿರ ಹೋಗೋಣ ಅಂತ ನಮ್ಮಲ್ಲೊಬ್ಬರು ಅಂದರೆ ದೋಣಿಯ ಹಿರಿಯರು, "ತಡೀರಿ, ನೀರು ಏರ್ಲಿ, ಅವೇ ಹತ್ರ ಬರ್ತವೆ" ಅಂದರು. ಬಂದವು. ಮೊದಲು ರೆಡ್‌ಶ್ಯಾಂಕ್, ಕೆಂಪು ಕಾಲು ಎತ್ತಿಡುತ್ತಾ. ಆಮೇಲೆ ಓಡಿ ನಿಂತು, ಓಡಿ ನಿಂತು ಬರುವ ಪ್ಲೋವರ್‌ಗಳು. ಮೇಲಕ್ಕೆ ಬಾಗಿದ ಕೊಕ್ಕಿನ ಟೆರೆಕ್ ಸ್ಯಾಂಡ್‌ಪೈಪರ್ ಏಡಿಯೊಂದನ್ನು ಅಟ್ಟಿಸಿಕೊಂಡು ಹೋದ ವೇಗ ನೋಡಿದರೆ ನಂಬುವುದು ಕಷ್ಟ. ವಿಂಬ್ರೆಲ್ ಮತ್ತು ಕರ್ಲ್ಯೂ ಅಕ್ಕಪಕ್ಕ ಸಿಕ್ಕವು. ಎರಡರ ಕೊಕ್ಕೂ ಕೆಳಕ್ಕೆ ಬಾಗಿದ್ದರೂ ಕರ್ಲ್ಯೂದು ತೀರಾ ಉದ್ದ, ವಿಂಬ್ರೆಲ್‌ನ ತಲೆಯ ಮೇಲೆ ಪಟ್ಟಿಗಳಿವೆ, ಜೋಡಿಯಾಗಿ ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಮೇಲೆ ಗರುಡಗಳು ಸುತ್ತುತ್ತಲೇ ಇದ್ದವು. ಬಿಳಿ ಹೊಟ್ಟೆಯ ಕಡಲ ಹದ್ದೊಂದು ದಂಡೆಯ ಮರದ ತುದಿಯಲ್ಲಿ ಕೂತಿತ್ತು. ಅದು ಎದ್ದಾಗ ಮಾತ್ರ ಇಡೀ ಬಯಲೇ ಮೇಲಕ್ಕೆ ಹಾರಿದ ಹಾಗಾಯಿತು.

ಇಲ್ಲೊಂದು ವಿಷಯ ಗಟ್ಟಿಯಾಗಿ ಹೇಳಬೇಕು. ಈ ತಿಂಗಳುಗಳಲ್ಲಿ ಈ ಹಕ್ಕಿಗಳು ಸುಮ್ನೆ ತಿನ್ನುತ್ತಿಲ್ಲ, ಮಧ್ಯ ಏಷ್ಯಾ, ಸೈಬೀರಿಯಾದವರೆಗೆ ಹಾರಲು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತಿವೆ. ತಿನ್ನಲು ಸಿಗುವುದು ಇಳಿತದ ಆ ಕೆಲವೇ ಗಂಟೆ. ಹದ್ದು ಎಬ್ಬಿಸಿದರೆ ಅದು ಅವುಗಳ ಬದುಕಿನ ಭಾಗ. ಆದರೆ ನಾವು ಒಂದು ಫೋಟೋಕ್ಕಾಗಿ ಎಬ್ಬಿಸಿದರೆ, ಆಮೇಲೆ ಇನ್ನೊಂದು ದೋಣಿಯವರು ಎಬ್ಬಿಸಿದರೆ, ಆಮೇಲೆ ದಂಡೆಯ ನಾಯಿ ಓಡಿಸಿದರೆ, ಅವು ಕೂಡಿಟ್ಟ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಹಕ್ಕಿಗಳು ಮೇಯುವುದು ಬಿಟ್ಟು ತಲೆ ಎತ್ತಿ ನಿಂತವು ಅಂದರೆ ನೀವು ಆಗಲೇ ಹತ್ತಿರ ಬಂದಾಯಿತು. ಅಲ್ಲೇ ನಿಲ್ಲಿ, ಇಲ್ಲವೇ ಹಿಂದೆ ಸರಿಯಿರಿ. ಡ್ರೋನ್ ತರಲೇಬೇಡಿ, ದಯವಿಟ್ಟು.

ನೀರು ತುಂಬಿದ ಮೇಲೆ ಕೆಸರು ಮುಚ್ಚಿಹೋಗುತ್ತದೆ. ಆಗ ಹಕ್ಕಿಗಳಿಗೆ ಕೂರಲು ಒಣ ಜಾಗ ಬೇಕು. ಅದಕ್ಕೇ ನಾವು ಊಟಕ್ಕೂ ಮೊದಲು ಗೋಕರ್ಣದ ದಾರಿಯ ಸಾಣಿಕಟ್ಟಾಕ್ಕೆ ಹೋದೆವು. ಮಾರ್ಚ್ ಅಂದರೆ ಉಪ್ಪು ತೆಗೆಯುವ ಕಾಲ, ಜನ ಕೆಲಸದಲ್ಲಿರುತ್ತಾರೆ. ಆಗರದ ಬದುಗಳ ಮೇಲೆ ಕೇಳದೆ ನಡೆಯಬೇಡಿ. ಅದು ಅವರ ಹೊಟ್ಟೆಪಾಡು, ಬದು ಕುಸಿದರೆ ನಷ್ಟ ಅವರಿಗೆ. ರಸ್ತೆ ಬದಿಯಿಂದಲೇ ಸಾಕಷ್ಟು ಕಾಣುತ್ತದೆ. ಮೆಟ್ಟುಗಾಲು ಹಕ್ಕಿಗಳು, ಕೆಂಟಿಶ್ ಪ್ಲೋವರ್, ಲಿಟಲ್ ಸ್ಟಿಂಟ್, ಒಂದೇ ಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿ ನಿದ್ದೆ ಮಾಡುವ ಗ್ರೀನ್‌ಶ್ಯಾಂಕ್‌ಗಳು. ಒಂದೇ ತೊಂದರೆ, ಮಧ್ಯಾಹ್ನದ ಝಳಕ್ಕೆ ಸ್ಕೋಪಿನಲ್ಲಿ ಎಲ್ಲವೂ ನಡುಗುತ್ತದೆ. ಹತ್ತಿರದ ಪಾತಿಗಳನ್ನಷ್ಟೇ ನೋಡಿ ಊಟಕ್ಕೆ ಹೊರಡಿ, ಸಂಜೆ ನಾಲ್ಕೂವರೆಗೆ ಮತ್ತೆ ಬನ್ನಿ. ಬಯಲಲ್ಲಿ ಟಿಟ್ಟಿಭ ತಲೆಯ ಮೇಲೆ ಕಿರುಚುತ್ತಾ ಸುತ್ತಿದರೆ ಕಾಲ ಬುಡ ನೋಡಿಕೊಳ್ಳಿ. ಮೊಟ್ಟೆಗಳು ಬರಿನೆಲದ ಮೇಲೇ ಇರುತ್ತವೆ.

ಊಟದ ವಿಷಯ ಜಾಸ್ತಿ ಹೇಳುವುದಿಲ್ಲ. ಮೀನು ತಿನ್ನುವವರಿಗೆ ಕುಮಟಾ ಸ್ವರ್ಗ, ತಿನ್ನದವರಿಗೆ ತಂಬುಳಿ ಅನ್ನ ಇದೆ. ಹೆದ್ದಾರಿ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ಹೆಣೆದು ತೂಗುಹಾಕಿರುತ್ತಾರೆ, ಮನೆಗೆ ತನ್ನಿ.

ಭಾನುವಾರ ಹೊನ್ನಾವರ. ಬೆಳಿಗ್ಗೆ ನೀರು ಇಳಿದಿರುವಾಗಲೇ ಅಲ್ಲಿಯೇ ಪಕ್ಕದ ಕಾಸರಕೋಡಿನ (ಕೇರಳದ ಕಾಸರಗೋಡಲ್ಲ) ಕಡಲ ದಂಡೆಗೆ ಹೋದೆವು. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ, ಮುಂದೆ ಬಂದಾಗ ಓಡಿ ಬರುವ ಸ್ಯಾಂಡರ್ಲಿಂಗ್‌ಗಳನ್ನು ನೋಡಲು ಸ್ಕೋಪೂ ಬೇಡ, ಪರಿಣತಿಯೂ ಬೇಡ. ಮಕ್ಕಳಿದ್ದರೆ ಇಲ್ಲಿಂದಲೇ ಶುರು ಮಾಡಿ. ಗಲ್, ಟರ್ನ್‌ಗಳ ದೊಡ್ಡ ಗುಂಪು ಅಳಿವೆಯ ಬಾಯಿಯ ಮರಳುದಿಬ್ಬದ ಮೇಲೆ ಇರುತ್ತದೆ. ಬಿಸಿಲೇರಿದ ಮೇಲೆ ಅಲ್ಲೇ ಹತ್ತಿರದ ಶರಾವತಿ ಕಾಂಡ್ಲಾ ನಡಿಗೆದಾರಿಗೆ ಬನ್ನಿ. ಮರದ ಹಲಗೆಯ ಮೇಲೆ ನೆರಳಲ್ಲೇ ನಡೆಯಬಹುದು, ವಯಸ್ಸಾದವರಿಗೂ ಸುಲಭ. ನಮಗೆ ಅಲ್ಲಿ ಕಪ್ಪು ತಲೆಯ ಮಿಂಚುಳ್ಳಿ ಸಿಕ್ಕಿತು, ಆದರೆ ರಜೆಯ ದಿನ ಹತ್ತು ಗಂಟೆಯ ಮೇಲೆ ಜನ ತುಂಬುತ್ತಾರೆ.

ಸಾಮಾನಿನಲ್ಲಿ ಮರೆಯಬಾರದ್ದು ಪಾದ ಮುಚ್ಚುವ, ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿಯನ್ನು ಕೆಸರು ನುಂಗುತ್ತದೆ, ಬರಿಗಾಲಿಗೆ ಚಿಪ್ಪು ಕುಯ್ಯುತ್ತದೆ. ಅಗಲ ಅಂಚಿನ ಟೋಪಿ, ಒಬ್ಬರಿಗೆ ಎರಡು ಲೀಟರಾದರೂ ನೀರು, ಓಆರ್‌ಎಸ್ ಇರಲಿ, ಸೆಕೆ ನಿಮ್ಮನ್ನು ಗೊತ್ತಾಗದ ಹಾಗೆ ಹಿಂಡುತ್ತದೆ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಉಪ್ಪು ನೀರು ಸಿಡಿದ ಲೆನ್ಸನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ, ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಮೊದಲು ಒತ್ತಿ ತೆಗೆಯಿರಿ.

ಏಪ್ರಿಲ್ ಕೊನೆಗೆ ಬಹುಪಾಲು ಹಕ್ಕಿಗಳು ಹೊರಟುಹೋಗುತ್ತವೆ, ಒಂದಷ್ಟು ಎಳೆಯವು ಮಾತ್ರ ಇಲ್ಲೇ ಉಳಿಯುತ್ತವೆ. ಈ ಸಲ ರಜೆ ಸಿಗದಿದ್ದರೆ ಸೆಪ್ಟೆಂಬರಿನಿಂದ ಮತ್ತೆ ಬರತೊಡಗುತ್ತವೆ, ಆದರೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ದೋಣಿ ಸಿಗುವುದು ಖಾತ್ರಿಯಿಲ್ಲ. ಮುಂದಿನ ವಸಂತಕ್ಕೆ ಅಂತಾದರೆ ಯುಗಾದಿಯ ವಾರ, ಅದಾಗದಿದ್ದರೆ ಅದರ ನಂತರದ ಹುಣ್ಣಿಮೆಗೆ ಹತ್ತಿರದ ಶನಿವಾರ ಹಿಡಿಯಿರಿ. ಗೈಡಿಗೆ ಫೆಬ್ರವರಿಯಲ್ಲೇ ಫೋನ್ ಮಾಡಿ.